ಸೆಡಮ್ ಹೂ ಬಿಡ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕೋಣ

ಸೆಡಮ್ ಅಂದರೆ ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುವ ದಪ್ಪ ಎಲೆಯ ಕುಂಡದ ಗಿಡ. ನಮ್ಮ ಮನೆಯ ಜೆಲ್ಲಿ ಬೀನ್ ಎಂಬ ಸೆಡಮ್ ಮೂರು ವರ್ಷ ಹೂ ಬಿಡಲಿಲ್ಲ. ಗಿಡಕ್ಕೆ ರೋಗ ಇರಲಿಲ್ಲ, ಹುಳ ಇರಲಿಲ್ಲ. ಕುಂಡದ ಅಂಚು ದಾಟಿ ಕೆಳಗೆ ಜೋತು ಬೀಳುವಷ್ಟು ಬೆಳೆದಿತ್ತು. ಬಂದವರೆಲ್ಲ "ಎಷ್ಟು ಹಸಿರಾಗಿದೆ!" ಎನ್ನುತ್ತಿದ್ದರು. ಪಕ್ಕದ ಬ್ಲಾಕಿನ ಆಂಟಿ ನಮ್ಮಿಂದಲೇ ನಾಲ್ಕು ತುಂಡು ಮುರಿದುಕೊಂಡು ಹೋಗಿ ನೆಟ್ಟಿದ್ದರು. ಅವರ ಟೆರೇಸಿನಲ್ಲಿ, ನೀರಿನ ಟ್ಯಾಂಕ್ ಪಕ್ಕ, ಒಂದು ಒಡೆದ ಮಗ್ಗಿನಲ್ಲಿ ಅದು ಎರಡನೇ ವರ್ಷಕ್ಕೇ ಹಳದಿ ಹೂ ಬಿಟ್ಟಿತು. "ಏನು ಹಾಕ್ತೀರಿ ಆಂಟಿ?" ಅಂತ ಕೇಳಿದೆ. "ಏನೂ ಹಾಕಲ್ಲಮ್ಮ, ಅದು ಅಲ್ಲಿದೆ ಅನ್ನೋದೇ ಮರೆತುಹೋಗಿತ್ತು" ಎಂದರು.

ಅವರು ತಮಾಷೆ ಮಾಡಿದರು ಅಂದುಕೊಂಡೆ. ಅದೇ ನಿಜವಾದ ಉತ್ತರ ಎಂದು ತಿಳಿಯಲು ನನಗೆ ಇನ್ನೊಂದು ವರ್ಷ ಹಿಡಿಯಿತು. ಹೂ ಬಿಡದ ಸೆಡಮ್‌ಗೆ ಏನು ಕೊಡಬೇಕು ಅಂತ ನಾವು ಯೋಚಿಸುತ್ತೇವೆ. ಬಿಸಿಲು ಒಂದನ್ನು ಬಿಟ್ಟರೆ, ಮಿಕ್ಕಿದ್ದೆಲ್ಲ ಕೊಡುವುದನ್ನು ನಿಲ್ಲಿಸುವ ಲೆಕ್ಕ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕೆಳಗಿನದನ್ನು ಒಂದೊಂದಾಗಿ ನೋಡಿಕೊಳ್ಳಿ.

ಅದು ಸೆಡಮ್ ಹೌದಾ?

ಈ ಪ್ರಶ್ನೆ ಸುಮ್ನೆ ಕೇಳುತ್ತಿಲ್ಲ. ನಮ್ಮ ನರ್ಸರಿಗಳಲ್ಲಿ ಎಲೆ ದಪ್ಪಗಿದ್ದರೆ ಸಾಕು, ಎಲ್ಲವೂ "ಸಕ್ಯುಲೆಂಟ್". ಒಂದೇ ಟ್ರೇ, ಒಂದೇ ರೇಟು. ಆದರೆ ಒಂದೊಂದು ಗಿಡಕ್ಕೆ ಹೂ ಬಿಡುವ ಕಾರಣ ಒಂದೊಂದು.

ಹೆಚ್ಚು ಗೊಂದಲ ಆಗುವುದು ಕಲಂಚೋ ಜೊತೆ. ಹೊಸ ವರ್ಷದ ಹೊತ್ತಿಗೆ ಕೆಂಪು, ಕಿತ್ತಳೆ, ಗುಲಾಬಿ ಗೊಂಚಲು ಹೊತ್ತು ಮಾರಾಟಕ್ಕೆ ಬರುತ್ತದಲ್ಲ, ಅದು. ಮೂಲ ಮಡಗಾಸ್ಕರ್. ಅದಕ್ಕೆ ಉದ್ದನೆಯ ರಾತ್ರಿ ಬೇಕು. ದಿನಕ್ಕೆ ಸುಮಾರು 14 ಗಂಟೆ ಗಾಢ ಕತ್ತಲು, ಅದೂ ಆರು ವಾರದಷ್ಟು ಕಾಲ ಸಿಕ್ಕರೆ ಮೊಗ್ಗು ಕಟ್ಟುತ್ತದೆ. ಬಾಲ್ಕನಿಯ ಎಲ್‌ಇಡಿ ದೀಪ ರಾತ್ರಿ ಹನ್ನೊಂದರವರೆಗೆ ಉರಿಯುತ್ತಿದ್ದರೆ ಅದು ಹೂವಿನ ಗೊಡವೆಗೇ ಹೋಗುವುದಿಲ್ಲ. ನಿಮ್ಮದು ಕಲಂಚೋ ಆಗಿದ್ದರೆ ದೀಪ ಆರಿಸಿ, ಅಥವಾ ಸಂಜೆ ಒಂದು ರಟ್ಟಿನ ಡಬ್ಬಿ ಮುಚ್ಚಿಡಿ.

ರೋಜಾ ಹೂವಿನ ಹಾಗೆ ಎಲೆಗಳೇ ಸುತ್ತುಸುತ್ತಾಗಿ ಜೋಡಿಸಿಕೊಂಡಿದ್ದರೆ ಅದು ಬಹುಶಃ ಎಚೆವೇರಿಯಾ. ಅದರ ಹೂ ಪುಟ್ಟ ಗಂಟೆಯಂತೆ, ಬಾಗಿದ ಕಡ್ಡಿಯ ಮೇಲೆ ತೂಗುತ್ತದೆ. ಸೆಡಮ್ ಹೂ ಬಹುಪಾಲು ಬಿಚ್ಚಿದ ನಕ್ಷತ್ರ, ಐದು ಎಸಳು. ಹೂವೇ ಬಾರದ ಗಿಡವನ್ನು ಹೂ ನೋಡಿ ಗುರುತಿಸುವುದು ಹೇಗೆ ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಎಲೆ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೆಡಮ್‌ಗಳು ಮೂರು ತರಹ. ಬಿಸಿಲಿಗೆ ತುದಿ ಕೆಂಪಾಗುವ ಉದ್ದಿನಕಾಳಿನ ದಪ್ಪಣ್ಣನಂಥ ಎಲೆಯ ಜೆಲ್ಲಿ ಬೀನ್. ಇದರ ಹೂ ಹಳದಿ. ತೂಗುಕುಂಡದಿಂದ ಜಡೆಯ ಹಾಗೆ ಇಳಿಯುವ ಬರ್ರೋಸ್ ಟೇಲ್, ಅಂದರೆ ಕತ್ತೆಬಾಲ. ಹೂ ಗುಲಾಬಿಯಿಂದ ಕೆಂಪು. ನೆಲಕ್ಕೆ ಹಾಸಿದಂತೆ ಹಬ್ಬುವ ಸಣ್ಣ ಎಲೆಯ ಹೊಂಬಣ್ಣದ ಜಾತಿಗಳು. ಇವುಗಳದ್ದೂ ಹೆಚ್ಚಾಗಿ ಹಳದಿ.

ಇವೆಲ್ಲಕ್ಕೂ ನಮ್ಮೂರಿನಲ್ಲೇ ಒಬ್ಬ ನೆಂಟ ಇದ್ದಾನೆ. ಕಾಡುಬಸಳೆ. ಎಲೆ ಕಿತ್ತು ಪುಸ್ತಕದೊಳಗೆ ಇಟ್ಟರೂ ಅಂಚಿನಲ್ಲಿ ಮರಿ ಹುಟ್ಟುತ್ತಲ್ಲ, ಅದೇ. ಚಳಿಗಾಲದಲ್ಲಿ ಬೇಲಿ ಬದಿಯ ಕಾಡುಬಸಳೆ ಯಾರ ಆರೈಕೆಯೂ ಇಲ್ಲದೆ ಲಾಟೀನಿನಂಥ ಹೂ ತೂಗುಬಿಟ್ಟುಕೊಂಡು ನಿಂತಿರುತ್ತದೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಪಾಠವಂತೂ ಹೇಳಿಕೊಡುತ್ತದೆ.

ಎಲೆಗಳ ನಡುವೆ ಸಂದು ಬಿದ್ದಿದೆಯಾ?

ಬಿದ್ದಿದ್ದರೆ ಮುಂದೆ ಹುಡುಕುವ ಮೊದಲು ಇಲ್ಲೇ ನಿಲ್ಲಿ. ಬಿಸಿಲು ಸಾಲುತ್ತಿಲ್ಲ. ಕಾಂಡ ಉದ್ದಕ್ಕೆ ಎಳೆದುಕೊಂಡು ಹೋಗಿದೆ, ಒಂದು ಎಲೆಗೂ ಇನ್ನೊಂದಕ್ಕೂ ನಡುವೆ ಕಡ್ಡಿ ಕಾಣುತ್ತಿದೆ, ಕೆಂಪಾಗಬೇಕಾದ ತುದಿ ಅಪ್ಪಟ ಹಸಿರು. ನಮ್ಮ ಗಿಡ ಹೀಗೇ ಇತ್ತು. "ಎಷ್ಟು ಹಸಿರಾಗಿದೆ" ಎಂದವರು ಹೊಗಳಿದ್ದು ರೋಗದ ಲಕ್ಷಣವನ್ನು!

ಬೆಳಕು ಬೇರೆ, ಬಿಸಿಲು ಬೇರೆ. ನಾವು ಪೇಪರ್ ಓದಲು ಸಾಕಾಗುವ ಬೆಳಕು ಗಿಡಕ್ಕೆ ಮಬ್ಬುಗತ್ತಲು. ಒಂದು ಸುಲಭ ಪರೀಕ್ಷೆ ಇದೆ. ಬೆಳಿಗ್ಗೆ ಹತ್ತಕ್ಕೆ ಕುಂಡದ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳು ಬೇರೆಬೇರೆಯಾಗಿ, ಕಡುಕಪ್ಪಾಗಿ ನೆರಳಲ್ಲಿ ಕಂಡರೆ ಅದು ಬಿಸಿಲು. ಕಲೆಸಿದಂತೆ ಮಸುಕಾಗಿದ್ದರೆ ಬರೀ ಬೆಳಕು. ಹೂ ಬೇಕೆಂದರೆ ಮೊದಲನೆಯ ಬಗೆಯ ನೆರಳು ದಿನಕ್ಕೆ ಐದಾರು ಗಂಟೆ ಕಾಣಿಸಬೇಕು.

ಮುಖ್ಯವಾದ ವಿಷಯ ಇಲ್ಲಿದೆ, ನಾನು ಎಡವಿದ್ದೂ ಇಲ್ಲೇ. ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಉತ್ತರದ ಬಾಲ್ಕನಿ. ಮೇ ತಿಂಗಳಲ್ಲಿ ಗಿಡ ತಂದಾಗ ಅಲ್ಲಿ ಬಿಸಿಲು ಬೀಳುತ್ತಿತ್ತು, ನಾನೇ ನೋಡಿದ್ದೆ. ಹಾಗಾಗಿ "ಬಿಸಿಲಿಗೆ ಕೊರತೆ ಇಲ್ಲ" ಎಂಬ ಧೈರ್ಯ. ಆದರೆ ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಶಾಲೆಯಲ್ಲಿ ಕಂಬ ನಿಲ್ಲಿಸಿ ತೋರಿಸುತ್ತಾರಲ್ಲ, ಅದು. ಈ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ಮಾತ್ರ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಮಿಕ್ಕ ಎಂಟು ತಿಂಗಳು ದಕ್ಷಿಣಕ್ಕೆ. ಉತ್ತರದ ಬಾಲ್ಕನಿಗೆ ಬಿಸಿಲು ಸಿಗಬೇಕಾದ ಆ ನಾಲ್ಕು ತಿಂಗಳಲ್ಲಿ ಅರ್ಧಕ್ಕರ್ಧ ಮಳೆ ಮೋಡ. ಮೊಗ್ಗು ಕಟ್ಟುವ ತಯಾರಿ ನಡೆಯುವ ಚಳಿಗಾಲದಲ್ಲಿ ಒಂದು ಕಿರಣವೂ ಇಲ್ಲ.

ದಕ್ಷಿಣದ ಬಾಲ್ಕನಿ ಇದ್ದವರು ಪುಣ್ಯವಂತರು. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯನೂ ಇಲ್ಲಿ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಮೇಲಿನ ಮನೆಯ ಸ್ಲ್ಯಾಬ್ ಕೆಳಗಿನಿಂದ ತೂರಿ ಬಿಸಿಲು ಒಳಗೆ ಬರುತ್ತದೆ. ಪೂರ್ವದ ಬಾಲ್ಕನಿಯೂ ನಡೆಯುತ್ತದೆ. ಪಶ್ಚಿಮದ್ದು ಚಳಿಗಾಲಕ್ಕೆ ಒಳ್ಳೆಯದು, ಮಾರ್ಚ್ ಕೊನೆಯಿಂದ ಸ್ವಲ್ಪ ಜಾಸ್ತಿಯೇ ಸುಡುತ್ತದೆ. ಉತ್ತರದವರು ನನ್ನ ಹಾಗೆ ಟೆರೇಸಿನ ಬೀಗದ ಕೈ ಕೇಳಿಕೊಂಡು ಅಸೋಸಿಯೇಷನ್‌ನವರ ಹಿಂದೆ ಬೀಳಬೇಕು.

ಆದರೆ ಒಂದೇ ದಿನ ನೆರಳಿನಿಂದ ಎತ್ತಿ ಟೆರೇಸಿನ ಸುಡುಬಿಸಿಲಿಗೆ ಇಡಬೇಡಿ. ಎಲೆಗೆ ಕಂದು ಸುಟ್ಟಗಾಯ ಆಗುತ್ತದೆ, ಅದು ಮಾಯುವುದಿಲ್ಲ. ಮೊದಲ ವಾರ ಬೆಳಗಿನ ಬಿಸಿಲು ಮಾತ್ರ, ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಎರಡು ವಾರ ಸಾಕು.

ನವೆಂಬರ್‌ನಿಂದ ಫೆಬ್ರವರಿವರೆಗೆ ನೀರು ಎಷ್ಟು ಬಿತ್ತು?

"ನಾನು ವಾರಕ್ಕೊಮ್ಮೆ ಮಾತ್ರ ಹಾಕ್ತೀನಿ" ಅಂತ ನಾನೂ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಏನೆಂದರೆ, ನಮ್ಮ ಅತ್ತೆ ದಿನಾ ಬೆಳಿಗ್ಗೆ ತುಳಸಿಗೆ ನೀರೆರೆದು, ಚೊಂಬಿನಲ್ಲಿ ಉಳಿದದ್ದನ್ನು ಪಕ್ಕದ ಕುಂಡಕ್ಕೆ ಸುರಿಯುತ್ತಿದ್ದರು. ಪೂಜೆಯ ನೀರು, ಚೆಲ್ಲಬಾರದು ಅಂತ. ಪಕ್ಕದ ಕುಂಡದಲ್ಲಿ ಇದ್ದದ್ದು ಸೆಡಮ್. ಮೂರು ವರ್ಷ ದಿನಕ್ಕೊಂದು ಲೋಟ! ಗಿಡ ಕೊಳೆಯದೆ ಬದುಕಿದ್ದೇ ಆಶ್ಚರ್ಯ. ಅತ್ತೆಗೆ ಏನೂ ಹೇಳಲಿಲ್ಲ. ತುಳಸಿ ಪಕ್ಕಕ್ಕೆ ದೊಡ್ಡಪತ್ರೆ ಕುಂಡ ತಂದಿಟ್ಟೆ, ಅವರಿಗೂ ಸಮಾಧಾನ, ದೊಡ್ಡಪತ್ರೆಗೂ ಸಮಾಧಾನ. ನಿಮ್ಮ ಮನೆಯಲ್ಲೂ ನಿಮಗೆ ಗೊತ್ತಿಲ್ಲದೆ ನೀರು ಹಾಕುವವರು ಯಾರಾದರೂ ಇದ್ದಾರಾ ನೋಡಿ. ಮೇಲಿನ ಮನೆಯ ಎಸಿ ಪೈಪು ಕೂಡ ಲೆಕ್ಕಕ್ಕೆ ಬರುತ್ತದೆ.

ಈ ಒಣ ತಿಂಗಳು ಯಾಕೆ ಬೇಕು ಅಂದರೆ, ಗಿಡದ ತವರನ್ನು ನೋಡಬೇಕು. ನಾವು ಸಾಕುವ ಜನಪ್ರಿಯ ಸೆಡಮ್‌ಗಳಲ್ಲಿ ಹಲವು ಮೆಕ್ಸಿಕೋದವು. ಕತ್ತೆಬಾಲವನ್ನು ಸಸ್ಯತಜ್ಞ ಎರಿಕ್ ವಾಲ್ಥರ್ 1935ರಲ್ಲಿ ಕಂಡದ್ದು ಮೆಕ್ಸಿಕೋದ ವೆರಾಕ್ರೂಜ್ ರಾಜ್ಯದ ಕೋಟೆಪೆಕ್ ಎಂಬ ಊರಿನ ಒಂದು ನರ್ಸರಿಯಲ್ಲಿ. ಆ ಊರು ಸುಮಾರು 1200 ಮೀಟರ್ ಎತ್ತರದಲ್ಲಿದೆ, ಕಾಫಿಗೆ ಹೆಸರಾದದ್ದು. ನಮ್ಮ ಚಿಕ್ಕಮಗಳೂರಿನ ಅಣ್ಣತಮ್ಮ ಅನ್ನಿ. ಮಳೆಗಾಲ ಮುಗಿದ ಮೇಲೆ ತಂಪು, ಮಳೆಯೂ ಕಡಿಮೆ. ಆ ಗಿಡ ಕಡಿದಾದ ಬಂಡೆಯ ಮೈಗೆ ಅಂಟಿಕೊಂಡು ಜೋತು ಬೀಳುವಂಥದ್ದು, ಬೇರಿನ ಬಳಿ ನೀರು ನಿಲ್ಲುವ ಮಾತೇ ಇಲ್ಲ.

ಕಾಫಿ ತೋಟದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಗಿಡ ಒಣ ತಿಂಗಳುಗಳನ್ನು ಮೊಗ್ಗು ಹೊತ್ತು ಕಳೆದು, ಹೂಮಳೆ ಬಿದ್ದ ಮೇಲೆ ತಾನೇ ಅರಳುವುದು? ಸೆಡಮ್‌ಗೆ ಹೂಮಳೆ ಬೇಕಿಲ್ಲ, ಆದರೆ ಮುಂಚಿನ ಆ ಒಣಗು ಬೇಕು. ಬೆಚ್ಚಗೆ, ಒದ್ದೆಯಾಗಿ ಇಟ್ಟಷ್ಟು ದಿನವೂ ಅದು ಎಲೆ ಹಾಕುತ್ತಲೇ ಇರುತ್ತದೆ.

ಹಾಗಾದರೆ ಎಷ್ಟು ನೀರು? ನಾಲ್ಕೈದು ಇಂಚಿನ ಮಣ್ಣಿನ ಕುಂಡಕ್ಕೆ ಬೆಂಗಳೂರು, ಮೈಸೂರಿನ ಚಳಿಗಾಲದಲ್ಲಿ ನಾನು ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಹಾಕುತ್ತೇನೆ. ದಿನ ಎಣಿಸುವುದಕ್ಕಿಂತ ಉರಿದು ಮುಗಿದ ಅಗರಬತ್ತಿಯ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಮೆತ್ತಿಕೊಂಡು ಬಂದರೆ ಇವತ್ತು ನೀರು ಬೇಡ. ಕೆಳಗಿನ ಎಲೆ ಸ್ವಲ್ಪ ಮೆತ್ತಗಾಗಿ, ಸಣ್ಣಗೆ ಸುಕ್ಕು ಕಂಡರೆ ಆಗ ಹಾಕಿ. ಹಾಕುವಾಗ ಕಂಜೂಸಿ ಮಾಡಬೇಡಿ, ತಳದ ತೂತಿನಿಂದ ಹರಿದು ಬರುವಷ್ಟು ಹಾಕಿ, ಆಮೇಲೆ ಮರೆತುಬಿಡಿ. ದಿನಾ ಒಂದು ಚಮಚ ಅನ್ನುವ ಲೆಕ್ಕ ಬೇರಿಗೂ ತಲುಪುವುದಿಲ್ಲ, ಗಿಡಕ್ಕೂ ಒಣಗಲು ಬಿಡುವುದಿಲ್ಲ.

ರಾತ್ರಿಯ ತಂಪೂ ಇದರ ಜೊತೆಗೇ ಬರಬೇಕು. ಈ ಕುಟುಂಬದ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ನೀರು ಉಳಿಸುವುದಕ್ಕೆ. ಹಾಗಾಗಿ ಚಳಿ ಎಂದು ಕರುಣೆ ತೋರಿಸಿ ರಾತ್ರಿ ಹಾಲ್ ಒಳಗೆ ತಂದಿಡಬೇಡಿ. ಡಿಸೆಂಬರ್, ಜನವರಿಯ ಬೆಂಗಳೂರಿನ 15-16 ಡಿಗ್ರಿ ಅದಕ್ಕೆ ಚಳಿಯೇ ಅಲ್ಲ, ಅದು ಕಾಯುತ್ತಿದ್ದ ಹವೆ.

ಗೊಬ್ಬರದ ಡಬ್ಬಿ ಕೆಳಗಿಡಿ

ಹೂ ಬರಲಿಲ್ಲ ಅಂದ ತಕ್ಷಣ ಕೈ ಹೋಗುವುದೇ ಗೊಬ್ಬರಕ್ಕೆ. ಎರೆಗೊಬ್ಬರ, ಕೊಟ್ಟಿಗೆ ಗೊಬ್ಬರ, ಒಂದು ಚಿಟಿಕೆ ಡಿಎಪಿ. ಸಾರಜನಕ ಜಾಸ್ತಿಯಾದರೆ ಸೆಡಮ್ ಕೊಬ್ಬುತ್ತದೆ. ಎಲೆ ನೀರು ತುಂಬಿಕೊಂಡು ದಪ್ಪಗಾಗುತ್ತದೆ, ಮುಟ್ಟಿದರೆ ಉದುರುತ್ತದೆ, ಕಾಂಡ ಜೋಲುತ್ತದೆ. ಹೂ ಮಾತ್ರ ಇಲ್ಲ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಅಕ್ಕಿ ತೊಳೆದ ನೀರು ಇವನ್ನೂ ನಾನು ಮಾಡಿ ನೋಡಿದ್ದೇನೆ. ನನಗೆ ಸಿಕ್ಕಿದ್ದು ನುಸಿ ಮತ್ತು ಅತ್ತೆಯ ಬೈಗುಳ.

ಕೊಡಲೇಬೇಕು ಅನ್ನಿಸಿದರೆ ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಲ, 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಅನ್ನು ಪೊಟ್ಟಣದ ಮೇಲೆ ಹೇಳಿದ್ದರ ಕಾಲು ಭಾಗ ಕರಗಿಸಿ ಹಾಕಿ. ಅಷ್ಟೇ. ನವೆಂಬರ್‌ನಿಂದ ಏನೂ ಬೇಡ.

ಮಣ್ಣಿನದ್ದೂ ಇದೇ ಕಥೆ. ನರ್ಸರಿಯಿಂದ ಬರುವ ಗಿಡದ ಬೇರಿನ ಸುತ್ತ ಗಟ್ಟಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಇರುತ್ತದೆ. ಅದನ್ನು ಹಾಗೇ ನೆಟ್ಟರೆ ಸುತ್ತ ಏನೇ ಹಾಕಿದರೂ ನಡುವೆ ಒಂದು ಒದ್ದೆ ಸ್ಪಂಜು ಕೂತಂತೆ. ಮೆಲ್ಲಗೆ ಬಿಡಿಸಿ ತೆಗೆಯಿರಿ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ, ಒಂದು ಹಿಡಿ ಎರೆಗೊಬ್ಬರ. ಎಂ-ಸ್ಯಾಂಡ್ ಆದರೆ ತೊಳೆದು ಧೂಳು ಕಳೆಯಿರಿ, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಕುಂಡ ಚಿಕ್ಕದಿರಲಿ. ದೊಡ್ಡ ಕುಂಡದ ಮಣ್ಣು ಒಣಗುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ.

ಕತ್ತರಿ ಯಾವಾಗ ಆಡಿಸಿದಿರಿ?

ಸೆಡಮ್ ಹೂ ಬಿಡುವುದು ಹೆಚ್ಚಾಗಿ ಕುಡಿಯ ತುದಿಯಲ್ಲಿ ಅಥವಾ ತುದಿಯ ಹತ್ತಿರ. ದೀಪಾವಳಿಗೆ ಬಾಲ್ಕನಿ ಚೆಂದ ಮಾಡೋಣ ಅಂತ ಗಿಡವನ್ನು ಗುಂಡಗೆ ಕತ್ತರಿಸಿದರೆ, ಮುಂದಿನ ಫೆಬ್ರವರಿಯ ಹೂವನ್ನೂ ಕಸದ ಬುಟ್ಟಿಗೆ ಹಾಕಿದಂತೆ. ನೆಂಟರಿಗೆ ತುಂಡು ಕೊಡುವುದೂ ಅಷ್ಟೇ. ಕೊಡಬೇಡಿ ಎನ್ನುತ್ತಿಲ್ಲ. ಹೂ ಮುಗಿದ ಮೇಲೆ, ಮಳೆ ಶುರುವಾಗುವ ಮೊದಲು ಕೊಡಿ.

ವಯಸ್ಸಿನ ಪ್ರಶ್ನೆಯೂ ಇದೆ. ಎಲೆಯಿಂದ ಹುಟ್ಟಿಸಿದ ಮರಿ ಮುಂದಿನ ವರ್ಷವೇ ಹೂ ಬಿಡಲಿ ಎಂದರೆ ಆಗುವುದಿಲ್ಲ. ಬಲಿತ ಕಾಂಡದ ತುಂಡು ನೆಟ್ಟರೆ ಬೇಗ. ಕತ್ತೆಬಾಲ ಇವುಗಳಲ್ಲಿ ಮಹಾ ಸೋಮಾರಿ. ಜಡೆ ಉದ್ದವಾಗಿ ಬಲಿಯುವವರೆಗೆ ಕಾಯಬೇಕು, ಸಾಕಿದವರಲ್ಲೇ ಹೂ ನೋಡಿದವರು ಕಡಿಮೆ. ವಾಲ್ಥರ್ ಅದಕ್ಕೆ 1938ರಲ್ಲಿ ಸೆಡಮ್ ಮಾರ್ಗೇನಿಯಾನಮ್ ಎಂದು ಹೆಸರಿಟ್ಟಿದ್ದೂ ಕ್ಯಾಲಿಫೋರ್ನಿಯಾದ ಡಾ. ಮೆರೆಡಿತ್ ಮಾರ್ಗನ್ ಅವರ ಗೌರವಕ್ಕೆ. ಅವರು ಸಾಕಿದ ಗಿಡ ಹೂ ಬಿಟ್ಟಿತು, ಅದರಿಂದ ಗಿಡದ ಜಾತಿ ಬರೆದಿಡಲು ಸಾಧ್ಯವಾಯಿತು. ಗಿಡ ಹೂ ಬಿಡುವಂತೆ ಮಾಡಿದ್ದಕ್ಕೆ ಗಿಡಕ್ಕೇ ನಿಮ್ಮ ಹೆಸರು! ಅಷ್ಟು ಕಷ್ಟದ ಕೆಲಸ ಅಂತ ಇದರಿಂದಲೇ ತಿಳಿಯಿರಿ.

ಮೊಗ್ಗು ಬಂತು, ಅರಳಲಿಲ್ಲ

ಇದು ಬೇರೆಯದೇ ದೋಷ. ಮೊಗ್ಗಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಕುಂಡದ ಸುತ್ತ ಇರುವೆ ಸಾಲು ಕಂಡರೂ ಅದೇ ಅನುಮಾನ ಪಡಿ, ತಿಗಣೆ ಸುರಿಸುವ ಸಿಹಿಗೆ ಇರುವೆ ಬರುತ್ತದೆ. ಹತ್ತಿಯ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದಾಗಿ ಒರೆಸಿ ತೆಗೆಯಿರಿ. ತಾಳ್ಮೆಯ ಕೆಲಸ. ಬೇವಿನ ಎಣ್ಣೆ ಸಿಂಪಡಿಸಿದರೆ ಎಲೆಯ ಮೇಲಿನ ಬೂದಿಯಂಥ ಪದರ ಅಳಿಸಿಹೋಗುತ್ತದೆ. ಬಿಸಿಲಿನಲ್ಲಂತೂ ಎಲೆ ಸುಡುತ್ತದೆ. ಸಂಜೆ, ತೆಳುವಾಗಿ, ಬೇರೆ ದಾರಿ ಇಲ್ಲದಿದ್ದರೆ ಮಾತ್ರ.

ಹುಳ ಇಲ್ಲ, ಆದರೂ ಮೊಗ್ಗು ಒಣಗಿತು ಅಂದರೆ ನೀರು ತೀರಾ ಕಡಿಮೆಯಾಗಿರಬಹುದು. ಮೊಗ್ಗು ಕಣ್ಣಿಗೆ ಕಂಡ ಮೇಲೆ ಉಪವಾಸ ಮುಗಿಯಿತು, ಎಂಟು ಹತ್ತು ದಿನಕ್ಕೊಮ್ಮೆ ನೀರು ಕೊಡಿ. ಕುಂಡದ ಜಾಗ ಬದಲಿಸಬೇಡಿ.

ಕರಾವಳಿ, ಮಲೆನಾಡಿನವರಿಗೆ

ಮಂಗಳೂರಿನ ಚಳಿಗಾಲದ ರಾತ್ರಿಯೂ 20 ಡಿಗ್ರಿಯ ಆಸುಪಾಸು, ಮೇಲೆ ತೇವದ ಗಾಳಿ. ಅಲ್ಲಿ ಸೆಡಮ್ ಬದುಕಿಸುವುದೇ ಒಂದು ಸಾಹಸ. ಹೂ ಬಾರದಿದ್ದರೆ ನಿಮ್ಮ ತಪ್ಪಲ್ಲ. ಹೂವೇ ಬೇಕೆಂದರೆ ಕಾಡುಬಸಳೆಯ ಬಳಗಕ್ಕೆ ಹೋಗಿ, ಅವು ಹೊಂದಿಕೊಳ್ಳುತ್ತವೆ. ಮಲೆನಾಡಿನವರಿಗೆ ಚಳಿಗಾಲ ಹೇಳಿ ಮಾಡಿಸಿದ್ದು, ಮಳೆಗಾಲವೇ ಯಮ. ಜೂನ್‌ನಿಂದ ಗಿಡವನ್ನು ಸೂರಿನಡಿ, ಗಾಳಿ ಆಡುವ ಜಾಗಕ್ಕೆ ಎತ್ತಿಡಿ. ಕಾಂಡ ಬುಡದಲ್ಲಿ ಕಪ್ಪಾದರೆ ಗಿಡ ಉಳಿಯುವುದಿಲ್ಲ, ಮೇಲಿನ ಒಳ್ಳೆಯ ತುದಿ ಕತ್ತರಿಸಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿ ಮತ್ತೆ ನೆಡಿ.

ಅಕ್ಕನ ಮಗಳು ಇಂಗ್ಲೆಂಡಿನಿಂದ ಫೋನ್ ಮಾಡಿ "ಚಿಕ್ಕಮ್ಮ, ನಮ್ಮ ಸೆಡಮ್‌ಗೂ ನೀರು ನಿಲ್ಲಿಸಲಾ?" ಎಂದಳು. ಅವಳದ್ದು ಆಟಮ್ ಜಾಯ್, ಜರ್ಮನಿಯ ಜಾರ್ಜ್ ಆರೆಂಡ್ಸ್ ಬೆಳೆಸಿದ ತಳಿ. ನೆಲದಲ್ಲಿ ಬೆಳೆಯುತ್ತದೆ, ಚಳಿಗಾಲಕ್ಕೆ ಸತ್ತಂತೆ ಮಲಗಿ ವಸಂತದಲ್ಲಿ ಏಳುತ್ತದೆ, ಬೇಸಿಗೆಯ ಉದ್ದನೆಯ ಹಗಲು ನೋಡಿ ಮೊಗ್ಗು ಕಟ್ಟುತ್ತದೆ. ನಮ್ಮ ಬೆಂಗಳೂರಿನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಆದ್ದರಿಂದ ಅದನ್ನು ಇಲ್ಲಿಗೆ ತರಿಸಿಕೊಳ್ಳುವ ಆಸೆ ಬಿಡಿ. ಅವಳ ಗಿಡ ಇದ್ದದ್ದು ಸೇಬಿನ ಮರದ ನೆರಳಲ್ಲಿ, ಕಾಂಪೋಸ್ಟ್ ತುಂಬಿದ ಪಾತಿಯಲ್ಲಿ. ಬಿಸಿಲಿಗೆ, ಬಡ ಮಣ್ಣಿಗೆ ಎತ್ತಿ ನೆಡು ಎಂದೆ. ದೇಶ ಬೇರೆ, ದೂರು ಅದೇ.

ನಮ್ಮ ಗಿಡಕ್ಕೆ ಏನಾಯಿತು

ಅಕ್ಟೋಬರ್ ಮೊದಲ ವಾರ ಟೆರೇಸಿಗೆ ಒಯ್ದೆ, ಜೋರು ಮಳೆ ಬಂದಾಗ ಟ್ಯಾಂಕ್ ಕೆಳಗೆ ಸರಿಸುತ್ತಿದ್ದೆ. ನವೆಂಬರ್ ಹೊತ್ತಿಗೆ ತುದಿ ಕೆಂಪಾಗತೊಡಗಿತು. ಡಿಸೆಂಬರ್‌ನಲ್ಲಿ ಎರಡೇ ಸಲ ನೀರು. ನೋಡಲು ಬಡಕಲಾಯಿತು, ಅತ್ತೆ "ಪಾಪ, ಅದನ್ನ ಕೊಲ್ತಾ ಇದ್ದೀಯಾ" ಎಂದರು. ಜನವರಿ ಕೊನೆಯಲ್ಲಿ ಮೂರು ಕುಡಿಗಳ ತುದಿಯಲ್ಲಿ ಸಾಸಿವೆ ಕಾಳಿನಂಥ ಗುಂಪು ಕಂಡಿತು. ಎಲೆ ಇರಬೇಕು ಅಂದುಕೊಂಡೆ. ಫೆಬ್ರವರಿ ಮೂರನೇ ವಾರ ಒಂದು ಬೆಳಿಗ್ಗೆ ಐದು ಎಸಳು ಬಿಚ್ಚಿತ್ತು. ಅತ್ತೆ ಎರಡು ಹೂ ಕಿತ್ತು ದೇವರಿಗೆ ಇಟ್ಟರು. ತಡೆಯಲು ಹೋಗಲಿಲ್ಲ.

ಮಾರ್ಚ್ ಕೊನೆಗೆ ಹೂ ಒಣಗಿದ ಮೇಲೆ ಆ ಕಡ್ಡಿಗಳನ್ನು ಬುಡಕ್ಕೆ ಕತ್ತರಿಸಿ, ಕುಂಡವನ್ನು ಮಧ್ಯಾಹ್ನದ ಬಿಸಿಲು ತಾಗದ ಮೂಲೆಗೆ ಸರಿಸಿದ್ದೇನೆ. ಆಂಟಿ ಈ ಸಲ ಕತ್ತೆಬಾಲದ ಒಂದು ಜಡೆ ಕೊಟ್ಟಿದ್ದಾರೆ. ಒಡೆದ ಮಗ್ಗನ್ನೂ ಕೇಳಿ ತಂದಿದ್ದೇನೆ.